ಬೈಲಕುಪ್ಪೆಯವರ ಸ್ಮರಣೆಯೂ ಮೈಸೂರಿಗರ ಕರ್ತವ್ಯವೂ

ವರ್ಷಂಪ್ರತಿ ಮಾರ್ಚಿ ತಿಂಗಳ 10ನೆಯ ತಾರೀಖಿನಂದು ನಮ್ಮ ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದ ಬೈಲಕುಪ್ಪೆಯಲ್ಲಿ ಒಂದು ಸಭೆ ನೆರೆಯುತ್ತದೆ. ನಮ್ಮ ತ್ರಿವರ್ಣ ಧ್ವಜದ ಪಕ್ಕದಲ್ಲಿ ಹಿಮಸಿಂಹಗಳ ಚಿತ್ರವುಳ್ಳ ಟಿಬೆಟ್ಟಿನ ಧ್ವಜವೂ ಏರುತ್ತದೆ. 1959ನೆಯ ಇಸವಿಯ ಅದೇ ದಿವಸ ಲ್ಹಾಸಾ ನಗರದಲ್ಲಿ ಚೀನಾ ಸರಕಾರದ ದಂಡಿಗೆ ಎದುರುನಿಂತವರನ್ನೂ, ಮುಂದಿನ ದಿನಗಳಲ್ಲಿ ಗುಂಡಿಗೆ, ಸೆರೆಮನೆಗೆ, ಹಸಿವಿಗೆ ತುತ್ತಾದವರನ್ನೂ ನೆನೆದು ಮೌನ ಆಚರಿಸುತ್ತಾರೆ; ಪ್ರಾರ್ಥನೆ ಸಲ್ಲಿಸುತ್ತಾರೆ; ಮೆರವಣಿಗೆ ಹೊರಡುತ್ತಾರೆ. ಮರುದಿನದ ಕನ್ನಡ ಪತ್ರಿಕೆಗಳಲ್ಲಿ ಈ ವಿಚಾರಕ್ಕೆ ದೊರೆಯುವ ಸ್ಥಳವು ನಾಲ್ಕಾರು ಪಂಕ್ತಿಗಳು ಮಾತ್ರ. ನಮ್ಮ ಪತ್ರಿಕೆಯೂ ಈ ಅಪರಾಧಕ್ಕೆ ಹೊರತಾದುದಲ್ಲವೆಂಬುದನ್ನು ಮೊದಲಿಗೇ ಒಪ್ಪಿಕೊಳ್ಳುವುದು ಲೇಸು.

ಮೈಸೂರಿಗೆ ಬೈಲಕುಪ್ಪೆಯು ಎಂಬತ್ತು ಕಿಲೋಮೀಟರು ದೂರವಿದೆ. ಹುಣಸೂರಿನ ದಾರಿಯಲ್ಲಿ ಬಸ್ಸು ಹಿಡಿದರೆ ಎರಡು ಗಂಟೆಯ ಮೇಲೆ ಸ್ವಲ್ಪ. ಪುರಜನರು ಅಲ್ಲಿಗೆ ಹೋಗದೆ ಇಲ್ಲ. ಭಾನುವಾರಗಳಲ್ಲಿ ಸಂಸಾರ ಸಮೇತರಾಗಿ ಹೋಗಿ, 1999ರಲ್ಲಿ ಆರಂಭವಾದ ಸುವರ್ಣ ಮಂದಿರದ ಮೂರು ಮಹಾ ಮೂರ್ತಿಗಳ ಮುಂದೆ ನಿಂತು ಭಾವಚಿತ್ರ ತೆಗೆದುಕೊಂಡು, ಕುಶಾಲನಗರದಲ್ಲಿ ಊಟ ತೀರಿಸಿ ಹಿಂದಿರುಗುತ್ತಾರೆ. ಚಳಿಗಾಲ ಬಂದರೆ ಉಣ್ಣೆಯ ಅಂಗಿಗಳನ್ನು ಹರಡಿಕೊಂಡು ಕುಳಿತ ಟಿಬೆಟ್ಟಿನ ಹೆಂಗಸರ ಬಳಿ ನಮ್ಮ ಗೃಹಿಣಿಯರು ಚೌಕಾಸಿ ನಡೆಸುತ್ತಾರೆ. ಆ ಹೆಂಗಸರು ನಮಗಿಂತ ಚುರುಕಾದ ಕನ್ನಡದಲ್ಲಿಯೇ ಉತ್ತರ ಕೊಡುತ್ತಾರೆ. ಹೀಗೆ ಅರುವತ್ತು ವರ್ಷಗಳಿಗೆ ಮೇಲ್ಪಟ್ಟು ನೆರೆಹೊರೆಯಾಗಿರುವವರ ಮನೆಯಲ್ಲಿ ಸತ್ತವರೆಷ್ಟು, ಬಿಟ್ಟುಬಂದವರೆಷ್ಟು, ಬದುಕಿ ಉಳಿದ ಮುದುಕರು ರಾತ್ರಿಯ ಹೊತ್ತು ಏನನ್ನು ನೆನೆದು ನಿದ್ರೆಗೆಡುತ್ತಾರೆ ಎಂದು ನಾವು ಒಮ್ಮೆಯಾದರೂ ವಿಚಾರಿಸಿದ್ದುಂಟೆ? ಸಾವಿನ ಮನೆಗೆ ಹೋಗಿ ಮಾತನಾಡಿಸಿಕೊಂಡು ಬರುವುದು ನಮ್ಮ ದೇಶದ ಅತ್ಯಂತ ಸಾಮಾನ್ಯವಾದ ಆಚಾರ. ಬೈಲಕುಪ್ಪೆಯ ವಿಷಯದಲ್ಲಿ ಆ ಆಚಾರವು ನಮ್ಮಿಂದ ತಪ್ಪಿಹೋಗಿದೆ.

ಇವರು ಇಲ್ಲಿಗೆ ಬಂದ ಬಗೆಯನ್ನು ವಾಚಕರಿಗೆ ಸಂಕ್ಷೇಪವಾಗಿ ಜ್ಞಾಪಿಸಬೇಕು. 1950ನೆಯ ಇಸವಿಯ ಅಕ್ಟೋಬರಿನಲ್ಲಿ ಚೀನಾ ದಂಡು ಪೂರ್ವ ಟಿಬೆಟ್ಟನ್ನು ಹೊಕ್ಕಿತು. ಮರುವರ್ಷದ ಮೇ ತಿಂಗಳಲ್ಲಿ ಹದಿನೇಳು ಕಲಮುಗಳ ಒಡಂಬಡಿಕೆಗೆ ಟಿಬೆಟ್ಟಿನ ಪ್ರತಿನಿಧಿಗಳಿಂದ ರುಜು ಪಡೆಯಲಾಯಿತು. ಧರ್ಮಕ್ಕೂ ದೇಶಾಚಾರಕ್ಕೂ ಕೈ ಹಚ್ಚುವುದಿಲ್ಲವೆಂದು ಆ ಕಾಗದದಲ್ಲಿ ಬರೆದಿತ್ತು, ನಡೆದದ್ದು ಬೇರೆ. 1959ರ ಮಾರ್ಚಿಯ ದಂಗೆಯು ಅಡಗಿಸಲ್ಪಟ್ಟಿತು. ದಲಾಯಿ ಲಾಮಾ ಅವರು ಮಾರ್ಚಿ 17ರ ರಾತ್ರಿ ಲ್ಹಾಸಾ ಬಿಟ್ಟು 31ರಂದು ಭಾರತದ ಗಡಿ ದಾಟಿದರು. ಅವರ ಹಿಂದೆ ಸುಮಾರು ಎಂಬತ್ತು ಸಾವಿರ ಮಂದಿ ಬಂದರೆಂಬುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಲೆಕ್ಕ. ಬಂದವರಲ್ಲಿ ಬಹುಮಂದಿ ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕಡಿಯುವ ಕೂಲಿಗಳಾದರು. ಅವರಿಗೆ ನೆಲೆಯೊದಗಿಸಬೇಕೆಂದು ಪಂಡಿತ ನೆಹರೂ ಅವರು ರಾಜ್ಯ ಸರಕಾರಗಳನ್ನು ಕೇಳಿದಾಗ, ಅತ್ಯಂತ ದೊಡ್ಡ ಮನಸ್ಸಿನಿಂದ ಓಗೊಟ್ಟದ್ದು ನಮ್ಮ ಮೈಸೂರು ರಾಜ್ಯ. ಶ್ರೀ ಎಸ್. ನಿಜಲಿಂಗಪ್ಪನವರ ಹೆಸರನ್ನು ದಲಾಯಿ ಲಾಮಾ ಅವರು ಇಂದಿಗೂ ಕೃತಜ್ಞತೆಯಿಂದ ಎತ್ತುತ್ತಾರೆ. 1960ನೆಯ ಇಸವಿಯ ಡಿಸೆಂಬರಿನಲ್ಲಿ ಮೊದಲನೆಯ ತಂಡದ 666 ಜನರು ಬೈಲಕುಪ್ಪೆಯಲ್ಲಿ ಇಳಿದಾಗ ಮುಖ್ಯಮಂತ್ರಿಗಳಾಗಿದ್ದವರು ಶ್ರೀ ಬಿ. ಡಿ. ಜತ್ತಿಯವರು, ರಾಜ್ಯಪಾಲರಾಗಿದ್ದವರು ಶ್ರೀ ಜಯಚಾಮರಾಜ ಒಡೆಯರು ಎಂಬುದನ್ನೂ ಸೇರಿಸಿ ಹೇಳುವುದು ನ್ಯಾಯ.

ಕೊಟ್ಟದ್ದು ಸುಮಾರು 3,000 ಎಕರೆ, ಕೊಟ್ಟದ್ದೆಂದರೆ ಗೇಣಿಗೆ. ಮೂರು ಸಾವಿರ ಜನಕ್ಕೆಂದು ಎಣಿಸಿದ ಆ ಭೂಮಿ ತಲೆಗೊಂದು ಎಕರೆಯಾಯಿತು. ಕೆಟ್ಟು ಪಟ್ಟಣ ಸೇರು ಎಂಬುದು ನಮ್ಮವರ ಗಾದೆ. ಇವರು ಕೆಟ್ಟು ಕಾಡನ್ನು ಸೇರಿದರು. ಹಿಮದ ನಾಡಿನಲ್ಲಿ ಹುಟ್ಟಿ, ಯವೆಯ ಹಿಟ್ಟನ್ನೂ ಚಮರೀಮೃಗದ ಬೆಣ್ಣೆಯನ್ನೂ ಉಂಡು ಬೆಳೆದವರು ಕಾವೇರೀ ತೀರದ ಸೆಕೆಯಲ್ಲಿ, ಗುಡಾರಗಳಲ್ಲಿ ವಾಸಿಸುತ್ತ ಮರ ಕಡಿದು ಬೊಡ್ಡೆ ಸುಟ್ಟರು. ಕ್ಷಯವೂ ಜ್ವರವೂ ಅವರನ್ನು ತಿಂದವು. ಬಿತ್ತಿದ ಜೋಳವನ್ನು ಆನೆ, ಹಂದಿಗಳು ಮೆಟ್ಟಿದವು. ಹೆತ್ತವರನ್ನು ಗಡಿಯಾಚೆ ಕಳೆದುಕೊಂಡು ಬಂದವರು ಮಕ್ಕಳನ್ನು ಗಡಿಯೀಚೆ ಮಣ್ಣುಮಾಡಿದ ಕಥೆಗಳು ಆ ನೆಲೆಯ ಹಳೆಯ ಮನೆಗಳಲ್ಲಿ ಈಗಲೂ ಇವೆ. 1966ರಲ್ಲಿ ಮುಂಡಗೋಡು, 1969ರಲ್ಲಿ ಬೈಲಕುಪ್ಪೆಯ ಎರಡನೆಯ ನೆಲೆ, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದ ನೆಲೆ, ಅದರ ಬೆನ್ನಿಗೇ ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯದ ನೆಲೆ, ಹೀಗೆ ಭರತಖಂಡದಲ್ಲಿ ಟಿಬೆಟ್ಟಿನವರ ಅತ್ಯಂತ ದೊಡ್ಡ ಒಕ್ಕಲು ನೆಲೆಗಳು ನಮ್ಮ ರಾಜ್ಯದಲ್ಲಿಯೇ ಬೇರೂರಿದವು. ಇಂದು ನಮ್ಮ ಹಳ್ಳಿಗಳ ಅಭಿವೃದ್ಧಿ ಕಾರ್ಯದಲ್ಲಿ ಪ್ರಸಿದ್ಧವಾಗಿರುವ ಮೈರಾಡ ಸಂಸ್ಥೆಯು 1968ರಲ್ಲಿ ಹುಟ್ಟಿದ್ದೇ ಈ ನಿರಾಶ್ರಿತರ ಪುನರ್ವಸತಿಗಾಗಿ. ಪರರಿಗೆ ಕೈನೀಡಲು ಹೋಗಿ ನಾವು ನಮ್ಮವರಿಗೆ ಕೈನೀಡುವುದನ್ನು ಕಲಿತೆವೆಂದು ಹೇಳಿದರೆ ತಪ್ಪಾಗಲಾರದು.

ಪ್ರಕೃತ ವಿಚಾರದಲ್ಲಿ ಒಂದು ಪದದ ನಿಷ್ಕರ್ಷೆ ಅವಶ್ಯವಾಗಿದೆ. ಟಿಬೆಟ್ಟಿನಲ್ಲಿ ನಡೆದದ್ದನ್ನು ಜನಾಂಗಹತ್ಯೆಯೆಂದು ಕರೆಯಬಹುದೆ? ವರ್ತಮಾನ ಪತ್ರಗಳಲ್ಲಿ ನರಮೇಧವೆಂಬ ಮಾತನ್ನು ಬಸ್ಸು ಉರುಳಿದ ವಾರ್ತೆಗೂ ಹಾಕುವ ಕೆಟ್ಟ ರೂಢಿ ಬೆಳೆದಿದೆ. ಜನಾಂಗಹತ್ಯೆಗಾದರೋ ನಿಯತವಾದ ಅರ್ಥವಿದೆ. 1946ರಲ್ಲಿ ಈ ಘೋರಪಾತಕವನ್ನು ವಿಶ್ವಸಂಸ್ಥೆಯು ವಿಚಾರಿಸಬೇಕೆಂದು ಕೇಳಿದ ಮೂರು ರಾಜ್ಯಗಳಲ್ಲಿ ಭಾರತವೂ ಒಂದು. ಕ್ಯೂಬಾ, ಪನಾಮಾಗಳು ಉಳಿದೆರಡು. 1948ರ ಡಿಸೆಂಬರ್ 9ರಂದು ಅಂಗೀಕೃತವಾದ ಒಪ್ಪಂದದ ಪ್ರಕಾರ ಒಂದು ರಾಷ್ಟ್ರೀಯ, ಜನಾಂಗೀಯ, ವಂಶೀಯ ಅಥವಾ ಧಾರ್ಮಿಕ ಸಮುದಾಯವನ್ನು ಪೂರ್ಣವಾಗಿಯಾಗಲಿ ಭಾಗಶಃ ಆಗಲಿ ನಾಶಮಾಡುವ ಉದ್ದೇಶವಿರಬೇಕು. ಕೊಲ್ಲುವುದೊಂದೇ ಅದರ ಉಪಾಯವಲ್ಲ. ಆ ಸಮುದಾಯದ ಮಕ್ಕಳನ್ನು ಬಲಾತ್ಕಾರದಿಂದ ಮತ್ತೊಂದು ಸಮುದಾಯಕ್ಕೆ ಒಯ್ಯುವುದೂ ಅದರಲ್ಲಿ ಸೇರಿದೆ.

ಟಿಬೆಟ್ಟಿನ ಸಂಗತಿಯನ್ನು ಈ ಅಳತೆಗೋಲಿನಿಂದ ಅಳೆದು ನೋಡಿದವರುಂಟು. ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ನ್ಯಾಯವಾದಿಗಳ ಆಯೋಗವು ಒಂದು ವಿಚಾರಣಾ ಸಮಿತಿಯನ್ನು ನೇಮಿಸಿತು. ಅದರ ಅಧ್ಯಕ್ಷರಾಗಿದ್ದವರು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯದ ಹಿರಿಯ ವಕೀಲರಾದ ಶ್ರೀ ಪುರುಷೋತ್ತಮ ತ್ರಿಕಮದಾಸರು. ನಿರಾಶ್ರಿತರ ಹೇಳಿಕೆಗಳನ್ನು ಪರಿಶೀಲಿಸಿದ ಆ ಸಮಿತಿಯು 1960ರಲ್ಲಿ ವರದಿಯಿತ್ತಿತು. ಟಿಬೆಟ್ಟಿನವರನ್ನು ಒಂದು ಧಾರ್ಮಿಕ ಸಮುದಾಯವೆಂಬ ನೆಲೆಯಲ್ಲಿ ನಾಶಮಾಡುವ ಪ್ರಯತ್ನವಾಗಿ ಜನಾಂಗಹತ್ಯೆಯ ಕೃತ್ಯಗಳು ನಡೆದಿವೆ. ಆದರೆ ಒಂದು ವಂಶ ಅಥವಾ ರಾಷ್ಟ್ರವೆಂಬ ನೆಲೆಯಲ್ಲಿ ಅವರ ನಾಶಕ್ಕೆ ಸಾಕಷ್ಟು ಪುರಾವೆ ದೊರೆತಿಲ್ಲ. ಇದು ಅದರ ತೀರ್ಮಾನದ ಸಾರ. ಸತ್ತವರು ಹನ್ನೆರಡು ಲಕ್ಷವೆಂದು ಧರ್ಮಶಾಲೆಯ ಆಡಳಿತವು ಹೇಳುತ್ತ ಬಂದಿದೆ. ಆ ಸಂಖ್ಯೆಯನ್ನು ಟಿಬೆಟ್ಟಿನ ಹಿತೈಷಿಗಳಾದ ಚರಿತ್ರಕಾರರಲ್ಲಿಯೇ ಕೆಲವರು ಶಂಕಿಸಿದ್ದಾರೆ. ಚೀನಾ ಸರಕಾರವು ಎಲ್ಲವನ್ನೂ ಅಲ್ಲಗಳೆಯುತ್ತದೆ. ತಾನು ಜೀತಗಾರರನ್ನು ಬಿಡುಗಡೆ ಮಾಡಿದೆನೆಂದು ಹೇಳಿಕೊಳ್ಳುತ್ತದೆ. ನಮ್ಮ ಅಭಿಪ್ರಾಯವನ್ನು ಕೇಳುವುದಾದರೆ, ಸಂಖ್ಯೆಯ ವ್ಯಾಜ್ಯವನ್ನು ಪಂಡಿತರಿಗೆ ಬಿಡೋಣ. ಸಾವಿರಾರು ಮಠಗಳು ನೆಲಸಮವಾದದ್ದೂ, ಗುರುಗಳನ್ನು ಸಾರ್ವಜನಿಕವಾಗಿ ಹೊಡೆದು ಅವಮಾನಿಸಿದ್ದೂ, ಇಡೀ ಒಂದು ಜನದ ಆರಾಧನೆಯನ್ನು ಬೇರುಸಹಿತ ಕೀಳಹೊರಟದ್ದೂ ಸಂಶಯಕ್ಕೆ ಎಡೆಯಿಲ್ಲದ ಸಂಗತಿಗಳು. ಬೈಲಕುಪ್ಪೆಯ ವೃದ್ಧರನ್ನು ಆ ಪಾತಕದಿಂದ ಬದುಕಿ ಉಳಿದವರೆಂದು ಕರೆಯಲು ನಮಗೆ ಸಂಕೋಚವಿಲ್ಲ.

ನಮ್ಮ ದೇಶದ ನಡತೆ ಈ ವಿಷಯದಲ್ಲಿ ಎರಡು ತೆರನಾದುದು. ಆಶ್ರಯ ಕೊಡುವುದರಲ್ಲಿ ಭಾರತವನ್ನು ಮೀರಿಸಿದವರಿಲ್ಲ. ಬಾಯಿ ಬಿಚ್ಚಿ ಮಾತನಾಡುವುದರಲ್ಲಿ ಮಾತ್ರ ನಮ್ಮ ಸರಕಾರವು ಕಾಲಕಾಲಕ್ಕೆ ನಾಲಗೆ ಕಚ್ಚಿಕೊಂಡಿದೆ. 1954ರ ಏಪ್ರಿಲ್ 29ರ ವ್ಯಾಪಾರ ಒಪ್ಪಂದದಲ್ಲಿ ಟಿಬೆಟ್ಟನ್ನು ಚೀನಾದ ಪ್ರದೇಶವೆಂದು ಬರೆದು, ಆ ಬರಹದ ನೆತ್ತಿಗೆ ಪಂಚಶೀಲವೆಂಬ ಪವಿತ್ರ ನಾಮವನ್ನು ಕಟ್ಟಿದೆವು. 1959ರ ಆಗಸ್ಟಿನಲ್ಲಿ ಜನಾಂಗಹತ್ಯೆಯ ಒಪ್ಪಂದವನ್ನು ಭಾರತವು ಸ್ಥಿರೀಕರಿಸಿತು. ಎರಡು ತಿಂಗಳು ಕಳೆಯುವುದರೊಳಗೆ ವಿಶ್ವಸಂಸ್ಥೆಯಲ್ಲಿ ಟಿಬೆಟ್ಟಿನ ನಿರ್ಣಯವು ಬಂದಾಗ ಮತ ಕೊಡದೆ ಕುಳಿತಿತು. ತನ್ನ ಮೈಗೇ 1962ರ ಗಾಯವಾದ ಮೇಲೆ, 1965ರಲ್ಲಿ, ಅದೇ ಸ್ಥಳದಲ್ಲಿ ಟಿಬೆಟ್ಟಿನ ಪರವಾಗಿ ಕೈಯೆತ್ತಿತು. ಮತ್ತೆ 2003ರಲ್ಲಿ ಬೀಜಿಂಗಿನಲ್ಲಿ ಟಿಬೆಟ್ ಸ್ವಯಮಾಧಿಕಾರ ಪ್ರದೇಶವು ಚೀನಾದ ಭಾಗವೆಂದು ಒಪ್ಪಿ ರುಜು ಹಾಕಿದ್ದಾಯಿತು. ಒಂದು ಪಕ್ಷವನ್ನು ನಿಂದಿಸಿ ಮತ್ತೊಂದನ್ನು ಹೊಗಳಲು ಇಲ್ಲಿ ಅವಕಾಶವಿಲ್ಲ. ಎಲ್ಲ ಪಕ್ಷದವರೂ ಸರದಿಯಂತೆ ತಮ್ಮ ಪಾಲನ್ನು ಸಲ್ಲಿಸಿದ್ದಾರೆ. ಈ ನಡುವೆ ನೆಲೆಗಳ ಯುವಕರು ನಮ್ಮ ಗಡಿಯ ಕಾವಲಿಗೆ ಹೋಗುತ್ತಲೇ ಇದ್ದಾರೆ. 1962ರ ನವೆಂಬರಿನಲ್ಲಿ ಕಟ್ಟಿದ ವಿಶೇಷ ಗಡಿಪಡೆಯಲ್ಲಿ ಸೇರಿ 1971ರ ಯುದ್ಧದಲ್ಲಿ ಚಿತ್ತಗಾಂಗಿನ ಬೆಟ್ಟಗಳಲ್ಲಿ ಕಾದಾಡಿ ಮಡಿದವರ ಹೆಸರನ್ನು ಬಹುಕಾಲ ಬಹಿರಂಗವಾಗಿ ಹೇಳುವಂತೆಯೂ ಇರಲಿಲ್ಲ. 2020ರಲ್ಲಿ ಲಡಾಖಿನಲ್ಲಿ ಮಡಿದ ಒಬ್ಬ ಟಿಬೆಟ್ಟಿನ ಯೋಧನ ಶವಪೇಟಿಕೆಯ ಮೇಲೆ ಎರಡು ಧ್ವಜಗಳೂ ಹಾಸಲ್ಪಟ್ಟದ್ದನ್ನು ದೇಶವು ನೋಡಿತು. ಯಾರ ಋಣ ಯಾರ ಮೇಲಿದೆಯೆಂದು ಲೆಕ್ಕ ಹಾಕುವವರು ಈ ಬಾಬನ್ನೂ ಖಾತೆಗೆ ಸೇರಿಸಬೇಕು.

ಮಕ್ಕಳ ವಿಚಾರಕ್ಕೆ ಬರೋಣ. ಇಡೀ ಪ್ರಕರಣದ ಹೃದಯವು ಅಲ್ಲಿಯೇ ಇದೆಯೆಂದು ನಮ್ಮ ಎಣಿಕೆ. 1960ರ ವರದಿಯು ಜನಾಂಗಹತ್ಯೆಗೆ ಕೊಟ್ಟ ಆಧಾರಗಳಲ್ಲಿ ಒಂದು, ಟಿಬೆಟ್ಟಿನ ಮಕ್ಕಳನ್ನು ಧರ್ಮದಿಂದ ಬೇರ್ಪಡಿಸುವ ಸಲುವಾಗಿ ಚೀನಾಕ್ಕೆ ಒಯ್ದದ್ದು. 1995ರ ಮೇ 14ರಂದು ದಲಾಯಿ ಲಾಮಾ ಅವರು ಆರು ವರ್ಷದ ಒಬ್ಬ ಬಾಲಕನನ್ನು ಹನ್ನೊಂದನೆಯ ಪಂಚೆನ್ ಲಾಮಾ ಎಂದು ಸಾರಿದರು. ಮೂರು ದಿನಗಳಲ್ಲಿ ಆ ಬಾಲಕನೂ ಅವನ ತಾಯಿತಂದೆಗಳೂ ಅಧಿಕಾರಿಗಳ ವಶವಾದರು. ಅಂದಿನಿಂದ ಹೊರಗಿನವರ ಕಣ್ಣಿಗೆ ಬಿದ್ದಿಲ್ಲ. 2023ರ ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ತಜ್ಞರು, ಟಿಬೆಟ್ಟಿನ ಸುಮಾರು ಹತ್ತು ಲಕ್ಷ ಮಕ್ಕಳು ಮನೆಯಿಂದ ದೂರವಾದ ಸರಕಾರೀ ವಸತಿ ಶಾಲೆಗಳಲ್ಲಿ ತಮ್ಮ ಭಾಷೆಯನ್ನೂ ಆಚಾರವನ್ನೂ ಕಳೆದುಕೊಳ್ಳುತ್ತಿದ್ದಾರೆಂದು ಕಳವಳ ಸೂಚಿಸಿದರು. ಅರುವತ್ತು ವರ್ಷಗಳ ಅಂತರದಲ್ಲಿ ಉಪಾಯ ಬದಲಾಗಿದೆ. ಕೈ ಬಿದ್ದಿರುವ ಜಾಗ ಬದಲಾಗಿಲ್ಲ.

ಈ ಪಂಚೆನ್ ಲಾಮಾ ಅವರ ಪೀಠಕ್ಕೆ ಸೇರಿದ ತಾಶಿ ಲ್ಹುನ್ಪೋ ಮಠವು ನಮ್ಮ ಬೈಲಕುಪ್ಪೆಯಲ್ಲಿ 1972ರಲ್ಲಿ ಪುನಃ ಸ್ಥಾಪಿತವಾಯಿತೆಂಬುದು ಮೈಸೂರಿನಲ್ಲಿ ಎಷ್ಟು ಜನಕ್ಕೆ ಗೊತ್ತಿದೆ? ಪೀಠವಿದೆ, ಕುಳಿತುಕೊಳ್ಳಬೇಕಾದವರು ಇಲ್ಲ. ಗುರುವಿಲ್ಲದ ಮಠದ ಸಂಕಟವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2025ರ ಜನವರಿಯಲ್ಲಿ ದಲಾಯಿ ಲಾಮಾ ಅವರು ಅದೇ ಮಠದಲ್ಲಿ ತಂಗಿದ್ದರು. ಅವರು ಬಂದ ಎರಡೇ ದಿನಗಳಲ್ಲಿ, 7ರಂದು, ಟಿಬೆಟ್ಟಿನ ಡಿಂಗ್ರಿ ಪ್ರಾಂತದಲ್ಲಿ ಭೂಕಂಪವಾಗಿ ಚೀನಾದವರ ಲೆಕ್ಕದಂತೆಯೇ 126 ಜನರು ಸತ್ತರು. ಬೈಲಕುಪ್ಪೆಯಲ್ಲಿ ಸಹಸ್ರಾರು ಭಿಕ್ಷುಗಳು ಕುಳಿತು ಆ ಮೃತರಿಗಾಗಿ ಪ್ರಾರ್ಥಿಸಿದರು. ತಮ್ಮ ಊರಿಗೆ ಹೋಗಿ ಹೆಣಕ್ಕೆ ಹೆಗಲು ಕೊಡಲಾಗದವರಿಗೆ ಉಳಿದ ದಾರಿ ಅದೊಂದೇ. ಮೈಸೂರಿನ ದೊಡ್ಡ ಮನುಷ್ಯರು ಆ ದಿನಗಳಲ್ಲಿ ದಲಾಯಿ ಲಾಮಾ ಅವರ ದರ್ಶನಕ್ಕೆ ಹೋಗಿ ಬಂದರು, ಸಂತೋಷ. ಆ ಪ್ರಾರ್ಥನೆಯ ಹೊತ್ತಿಗೆ ನಾಲ್ಕು ಜನ ಊರಿನವರು ಹೋಗಿ ಹಿಂದುಗಡೆ ಕುಳಿತುಬಂದಿದ್ದರೆ ಅದರ ತೂಕವೇ ಬೇರೆಯಾಗುತ್ತಿತ್ತು.

ಈಗ ಒದಗಿರುವ ಅಪಾಯವಾದರೂ ಏನು? ಹೊರಗಿನ ವೈರಿಯಿಂದ ಬಂದುದಲ್ಲ. ಕಾಲದಿಂದಲೂ ಕಾಯಿದೆಯಿಂದಲೂ ಬಂದುದು. 1959ರಲ್ಲಿ ಹತ್ತು ವರ್ಷದ ಹುಡುಗನಾಗಿ ಗಡಿ ದಾಟಿದವನಿಗೆ ಈಗ ಎಪ್ಪತ್ತೈದು ಮೀರಿದೆ. ಕಣ್ಣಾರೆ ಕಂಡು ಹೇಳಬಲ್ಲವರು ಕೈಬೆರಳಿನಲ್ಲಿ ಎಣಿಸುವಷ್ಟಾಗುವ ದಿನ ದೂರವಿಲ್ಲ. ಧರ್ಮಶಾಲೆಯ ಆಡಳಿತವು 2009ರಲ್ಲಿ ನಡೆಸಿದ ಗಣತಿಯಂತೆ ಭಾರತದಲ್ಲಿದ್ದ ಟಿಬೆಟ್ಟಿನವರು 94,203. ಅಂದಿನಿಂದ ಈ ಸಂಖ್ಯೆ ಇಳಿಮುಖವಾಗಿದೆ. 2008ಕ್ಕೆ ಮುಂಚೆ ವರ್ಷಕ್ಕೆ ಎರಡು ಮೂರು ಸಾವಿರ ಮಂದಿ ಹಿಮಾಲಯ ದಾಟಿ ಬರುತ್ತಿದ್ದರು. ಆಮೇಲೆ ಗಡಿಯ ಕಾವಲು ಬಿಗಿಯಾಗಿ, ಈಚಿನ ವರ್ಷಗಳಲ್ಲಿ ಬಂದವರನ್ನು ಹತ್ತುಗಳ ಲೆಕ್ಕದಲ್ಲಿ ಎಣಿಸಬಹುದು. ಇಲ್ಲಿ ಓದಿ ಬೆಳೆದ ತರುಣರು ಅಮೆರಿಕ, ಕೆನಡಾ, ಯೂರೋಪುಗಳಿಗೆ ಹೊರಡುತ್ತಿದ್ದಾರೆ. ಶಾಲೆಗಳಲ್ಲಿ ಮಕ್ಕಳು ಕಡಮೆಯಾಗಿ, ವೃದ್ಧಾಶ್ರಮಗಳಲ್ಲಿ ಮುದುಕರು ಹೆಚ್ಚುತ್ತಿದ್ದಾರೆ. ದೇಶ ಬಿಟ್ಟು ಬಂದ ತಂದೆಯನ್ನು ಮಗನೂ ಬಿಟ್ಟು ಹೋಗುವ ಸ್ಥಿತಿ ಇದು. ಮಗನನ್ನು ದೂರುವುದು ಸುಲಭ, ಅವನ ಕೈಯಲ್ಲಿರುವ ಕಾಗದವನ್ನು ಓದಿ ನೋಡಿದರೆ ಬಾಯಿ ಕಟ್ಟುತ್ತದೆ.

ಆ ಕಾಗದದ ಹೆಸರು ನೋಂದಣಿ ಪತ್ರ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತವು ಸೇರಿಲ್ಲವಾದ ಕಾರಣ, ಕಾಯಿದೆಯ ಕಣ್ಣಿನಲ್ಲಿ ಟಿಬೆಟ್ಟಿನವನು ನಿರಾಶ್ರಿತನಲ್ಲ, ಕೇವಲ ಪರದೇಶೀಯ. ಪತ್ರವನ್ನು ಅವಧಿಗೊಮ್ಮೆ ಪೋಲೀಸರಲ್ಲಿ ನವೀಕರಿಸಿಕೊಳ್ಳಬೇಕು. ಬೈಲಕುಪ್ಪೆಯಲ್ಲಿ ಹುಟ್ಟಿ, ಬೈಲಕುಪ್ಪೆಯಲ್ಲಿ ನೆರೆತು ಮುಪ್ಪಾದವನೂ ಹೀಗೆಯೇ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಜನ್ಮತಃ ಭಾರತೀಯ ಪ್ರಜೆಗಳೆಂಬುದು ಪೌರತ್ವದ ಕಾಯಿದೆಯಲ್ಲಿಯೇ ಇದೆ. ಅದು ಟಿಬೆಟ್ಟಿನವರಿಗೂ ಸಲ್ಲುತ್ತದೆಂದು ದಿಲ್ಲಿಯ ಉಚ್ಚ ನ್ಯಾಯಾಲಯವು 2010ರಲ್ಲಿಯೂ, ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವು 2013ರಲ್ಲಿಯೂ ತೀರ್ಪಿತ್ತವು. ಆದರೆ 2017ರಲ್ಲಿ ಪಾಸ್‌ಪೋರ್ಟು ಕೊಡಲು ಒಪ್ಪಿದ ಸರಕಾರವು ಜೊತೆಯಲ್ಲಿಯೇ ಷರತ್ತುಗಳನ್ನು ಹಾಕಿತು: ನೋಂದಣಿ ಪತ್ರವನ್ನು ಒಪ್ಪಿಸಬೇಕು, ಟಿಬೆಟ್ಟಿನವರ ನೆಲೆಯಲ್ಲಿ ವಾಸಿಸಕೂಡದು, ಧರ್ಮಶಾಲೆಯ ಆಡಳಿತದ ಸವಲತ್ತುಗಳನ್ನು ಪಡೆಯಕೂಡದು. ಅಂದರೆ, ಈ ದೇಶದ ಪ್ರಜೆಯಾಗಬೇಕಾದರೆ ತಂದೆ ಕಟ್ಟಿದ ಮನೆಯನ್ನೂ ತಾಯಿಯ ರೋಗಶಯ್ಯೆಯನ್ನೂ ಬಿಟ್ಟು ಹೊರಡು ಎಂದಾಯಿತು. ನೆಲೆಗಳನ್ನು ಟಿಬೆಟ್ಟಿನ ನಿರಾಶ್ರಿತರಿಗೆಂದೇ ಕೊಟ್ಟಿರುವುದರಿಂದ ಪ್ರಜೆಗಳಾದವರಿಗೆ ಅಲ್ಲಿ ಸ್ಥಾನವಿಲ್ಲವೆಂಬ ಅಧಿಕಾರಿಗಳ ತರ್ಕವು ಕಡತದ ಮೇಲೆ ಸರಿಯಾಗಿಯೇ ಕಾಣುತ್ತದೆ. ಕಡತದಲ್ಲಿ ಸರಿಯಾಗಿ ಕಂಡದ್ದು ಜಗಲಿಯ ಮೇಲೆ ಕ್ರೂರವಾಗುವುದು ರಾಜ್ಯಭಾರದಲ್ಲಿ ಹೊಸದಲ್ಲ. ವೃದ್ಧರಾದ ತಾಯಿತಂದೆಗಳುಳ್ಳವರಿಗೆ ನೆಲೆಯಲ್ಲಿಯೇ ವಾಸಿಸುವ ಅನುಮತಿಯನ್ನು ಕೊಟ್ಟರೆ ಯಾರ ಗಂಟೂ ಹೋಗುವುದಿಲ್ಲ.

2014ರಲ್ಲಿ ಕೇಂದ್ರ ಸರಕಾರವು ಹೊರಡಿಸಿದ ಟಿಬೆಟ್ ಪುನರ್ವಸತಿ ನೀತಿಯು ಸದುದ್ದೇಶದಿಂದ ಕೂಡಿದ್ದು. ಭೂಮಿಗೆ ರಾಜ್ಯಗಳು ಕ್ರಮವಾದ ಗೇಣಿಪತ್ರ ಬರೆದುಕೊಡಬೇಕೆಂದೂ, ಪಡಿತರ, ಉದ್ಯೋಗ ಖಾತರಿ ಮುಂತಾದ ಯೋಜನೆಗಳ ಫಲವು ನಿರಾಶ್ರಿತರಿಗೂ ಸಲ್ಲಬೇಕೆಂದೂ ಅದರಲ್ಲಿ ಹೇಳಿದೆ. ಧರ್ಮಶಾಲೆಯ ಸಮಿತಿಗೆ ಐದು ವರ್ಷಕ್ಕೆ 40 ಕೋಟಿ ರೂಪಾಯಿಗಳ ಸಹಾಯವನ್ನು ಮಂಜೂರು ಮಾಡಿ, ಆ ಬಳಿಕ 2025-26ರವರೆಗೆ ಮುಂದುವರಿಸಲಾಯಿತು. ಆದರೆ ನೀತಿಯೆಂಬುದು ಕಾಯಿದೆಯಲ್ಲ. ತಾಲ್ಲೂಕು ಕಚೇರಿಯ ಮೇಜಿನ ಮುಂದೆ ನಿಂತಾಗ ಅದನ್ನು ಹಕ್ಕೆಂದು ಕೇಳುವಂತಿಲ್ಲ, ದಯೆಯೆಂದು ಬೇಡಬೇಕು. ನಮ್ಮ ವಾಚಕರಲ್ಲಿ ಸರಕಾರೀ ನೌಕರರು ಬಹುಮಂದಿ ಇದ್ದಾರೆ. ಮೇಜಿನ ಆಚೆ ನಿಂತಿರುವ ಮುದುಕನು ಯಾವ ಕಾಡನ್ನು ಹಾಯ್ದು ಬಂದವನೆಂಬುದನ್ನು ಅವರು ಒಂದು ಕ್ಷಣ ನೆನೆದರೆ ಅರ್ಧ ಕೆಲಸವಾದಂತೆಯೇ.

ಇಷ್ಟು ಬರೆಯುವಾಗ ನಮ್ಮವರೇ ಆದ ಕೆಲವರ ಆಕ್ಷೇಪಣೆಯು ಕಿವಿಯಲ್ಲಿ ಮೊಳಗುತ್ತಿದೆ. ನಮ್ಮ ಭೂಹೀನರಿಗಿಲ್ಲದ ಭೂಮಿ ಪರದೇಶೀಯರಿಗೇಕೆ? ನಾಗರಹೊಳೆಯ ಕಾಡಿನಿಂದ ಹೊರಹಾಕಲ್ಪಟ್ಟ ಜೇನುಕುರುಬರು ಹುಣಸೂರಿನ ಆಸುಪಾಸಿನಲ್ಲಿ ಕೂಲಿನಾಲಿ ಮಾಡಿಕೊಂಡು ಅಲೆಯುತ್ತಿರುವಾಗ ಪಕ್ಕದಲ್ಲಿಯೇ ಟಿಬೆಟ್ಟಿನವರ ನೆಲೆ ಹಸನಾಗಿರುವುದು ಕಣ್ಣಿಗೆ ಚುಚ್ಚುವುದಿಲ್ಲವೆ? ಈ ಪ್ರಶ್ನೆಯನ್ನು ಮತ್ಸರವೆಂದು ತಳ್ಳಿಹಾಕುವುದು ಅನ್ಯಾಯ. ಜೇನುಕುರುಬರಿಗೆ ನಾವು ಮಾಡಿರುವುದು ಪಾಪವೇ ಸರಿ; ಆ ಪಾಪದ ಪರಿಹಾರಕ್ಕೆ ಈ ಪತ್ರಿಕೆಯು ಬೇರೆಯಾಗಿ ಬರೆಯುತ್ತದೆ. ಆದರೆ ಒಬ್ಬನಿಗೆ ನ್ಯಾಯ ಮಾಡಿದ್ದು ಮತ್ತೊಬ್ಬನಿಗೆ ಅನ್ಯಾಯ ಮಾಡಲು ಕಾರಣವೆಂಬುದು ಎಲ್ಲಿಯ ತರ್ಕ? ಬೈಲಕುಪ್ಪೆಯವರಿಗೆ ಕೊಟ್ಟದ್ದು ಗೇಣಿಯ ಕಾಡು. ಅದನ್ನು ಹೊಲವಾಗಿಸಿದ್ದು ಅವರ ಬೆವರು. ಇಂದು ಆ ಮಠಗಳ ಕಟ್ಟಡಗಳಲ್ಲಿ, ಹೊಲಗಳಲ್ಲಿ, ಅಂಗಡಿಗಳಲ್ಲಿ ದುಡಿಯುವ ಸುತ್ತಣ ಹಳ್ಳಿಗಳ ಕನ್ನಡಿಗರೂ, ಕುಶಾಲನಗರದ ವರ್ತಕರೂ ಲಾಭನಷ್ಟವನ್ನು ನಮಗಿಂತ ಚೆನ್ನಾಗಿ ಬಲ್ಲರು. ಶರಣು ಬಂದ ವಿಭೀಷಣನನ್ನು ಸೇರಿಸಿಕೊಳ್ಳುವಾಗ ಸುಗ್ರೀವಾದಿಗಳು ತೆಗೆದ ಸಂಶಯಗಳೂ ಕಡಮೆಯಾಗಿರಲಿಲ್ಲ. ಎಲ್ಲವನ್ನೂ ಕೇಳಿ ಆದ ಮೇಲೆ ಶ್ರೀರಾಮನು ಅಭಯವನ್ನೇ ಕೊಟ್ಟನು. ಟಿಬೆಟ್ಟಿನವರಿಗೂ ಒಂದು ಮಾತು ಸಲ್ಲುತ್ತದೆ. ನೆಲೆಯ ಮುಖಂಡರು ವಿದೇಶದ ದಾನಿಗಳ ಕಡೆಗೆ ನೋಡುವಷ್ಟು ಪಿರಿಯಾಪಟ್ಟಣದ ಕಡೆಗೆ ನೋಡುವುದಿಲ್ಲವೆಂಬ ದೂರು ಹಳ್ಳಿಗಳಲ್ಲಿದೆ. ಮಾರ್ಚಿ 10ರ ಸಭೆಗೆ ಸುತ್ತಣ ಗ್ರಾಮಗಳ ಪಟೇಲರ ಮನೆತನದವರನ್ನೂ, ಶಾಲೆಯ ಉಪಾಧ್ಯಾಯರನ್ನೂ ಕನ್ನಡದಲ್ಲಿ ಅಚ್ಚುಮಾಡಿಸಿದ ಕರೆಯೋಲೆ ಕೊಟ್ಟು ಕರೆದರೆ ಆ ದೂರು ತಾನಾಗಿಯೇ ಸಣ್ಣದಾದೀತು.

ಆರ್ಮೀನಿಯಾದವರು ಏಪ್ರಿಲ್ 24ನ್ನು ತಾವಿರುವ ದೇಶದೇಶಗಳಲ್ಲಿ ಆಚರಿಸುತ್ತಾರೆ. ಅಲ್ಲಿಯ ಊರಿನವರು ಬಂದು ಸೇರುತ್ತಾರೆ. 1915ರಲ್ಲಿ ನಡೆದದ್ದನ್ನು ಕಣ್ಣಾರೆ ಕಂಡವರೆಲ್ಲ ಕಾಲವಶರಾದ ಮೇಲೂ ಆ ನೆನಪು ಅಳಿಯಲಿಲ್ಲ. ಕಾರಣ, ಹೇಳಿಕೆಗಳನ್ನು ಬರೆದಿಟ್ಟಿದ್ದರು. ಬೈಲಕುಪ್ಪೆಗೂ ಮುಂಡಗೋಡಿಗೂ ಅಮೆರಿಕದಿಂದ ಒಂದು ಸಂಸ್ಥೆಯವರು ಬಂದು ಅನೇಕ ವೃದ್ಧರ ಮಾತುಗಳನ್ನು ಧ್ವನಿಮುದ್ರಿಸಿ ಇಂಗ್ಲಿಷಿಗೆ ತಿರುಗಿಸಿಕೊಂಡು ಹೋದರು. ಸಾವಿರಾರು ಕಿಲೋಮೀಟರುಗಳಿಂದ ಅವರು ಬಂದರು. ಎಂಬತ್ತು ಕಿಲೋಮೀಟರಿನಲ್ಲಿರುವ ನಮ್ಮ ಮಾನಸಗಂಗೋತ್ರಿಯಲ್ಲಿ ಚರಿತ್ರೆಯ ವಿಭಾಗವಿದೆ. ಅದರ ನೆರೆಯಲ್ಲಿಯೇ 1969ರಲ್ಲಿ ಸ್ಥಾಪಿತವಾದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯಿದೆ. ಜನಸಾಮಾನ್ಯರಿಗೆ ವಿದ್ಯೆಯನ್ನು ಕನ್ನಡದಲ್ಲಿ ಮುಟ್ಟಿಸಲೆಂದೇ ಹುಟ್ಟಿದ ಪ್ರಸಾರಾಂಗವಿದೆ. ಈ ಮೂವರೂ ಕೂಡಿ ಎರಡು ವರ್ಷ ಮನಸ್ಸಿಟ್ಟರೆ ಐದು ನೆಲೆಗಳಲ್ಲಿ ಉಳಿದಿರುವ ವೃದ್ಧರ ವೃತ್ತಾಂತವೆಲ್ಲ ಕನ್ನಡದಲ್ಲಿ ಪುಸ್ತಕವಾಗಿ ಬರಬಹುದು. ಹೊಸ ಇಲಾಖೆ ಬೇಡ, ಹೊಸ ಕಟ್ಟಡ ಬೇಡ. ಶಂಕುಸ್ಥಾಪನೆಯ ಸಮಾರಂಭವಂತೂ ಬೇಡವೇ ಬೇಡ. ಕುಲಪತಿಗಳ ಒಂದು ಆಜ್ಞೆಯೂ ಒಂದು ಜೀಪೂ ಸಾಕು. ನಗರಪಾಲಿಕೆಯವರು ಮಾರ್ಚಿ 10ರಂದು ಪುರಭವನವನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಡುವುದು ಅವರ ಕೈಯಲ್ಲಿದೆ. ವೈದ್ಯರ ಸಂಘದವರು ತಿಂಗಳಿಗೊಮ್ಮೆ ನೆಲೆಗಳ ವೃದ್ಧಾಶ್ರಮಗಳಿಗೆ ಹೋಗಿಬರುವುದೂ ಆಗದ ಕೆಲಸವಲ್ಲ.

ನಮ್ಮ ಕಾರ್ಯಾಲಯವಿರುವ ಬಡಾವಣೆಗೆ ಕುವೆಂಪುನಗರವೆಂದು ಹೆಸರು. ಕವಿಗಳು ವಾಸವಾಗಿದ್ದದ್ದು ಒಂಟಿಕೊಪ್ಪಲಿನ ಕಡೆ; ಹೆಸರು ಮಾತ್ರ ನಮ್ಮ ಪಾಲಿಗೆ ಬಂತು. ವಿಶ್ವಮಾನವನೆಂಬ ಅವರ ಮಾತನ್ನು ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ಹಾರ ಹಾಕಿ ಉಚ್ಚರಿಸುತ್ತೇವೆ. ಅವರು ಕುಲಪತಿಪದವಿಯಿಂದ ನಿವೃತ್ತರಾದ 1960ನೆಯ ಇಸವಿಯಲ್ಲಿಯೇ ಆ 666 ಜನರು ಬೈಲಕುಪ್ಪೆಯಲ್ಲಿ ಗುಡಾರ ಹೊಡೆದದ್ದು ಕಾಕತಾಳೀಯವಿರಬಹುದು.

ಬರುವ ಮಾರ್ಚಿಯಿಂದ ಪ್ರತಿ ಭಾನುವಾರ ಈ ಪತ್ರಿಕೆಯ ಮೂರನೆಯ ಪುಟದಲ್ಲಿ ಒಬ್ಬೊಬ್ಬ ವೃದ್ಧರ ಹೇಳಿಕೆಯನ್ನು, ಅವರ ಸಮ್ಮತಿಯಿದ್ದಲ್ಲಿ ಹೆಸರಿನೊಡನೆಯೂ, ಊರಿನಲ್ಲಿ ಉಳಿದ ಬಂಧುಗಳಿಗೆ ತೊಂದರೆಯಾದೀತೆಂದು ಅಂಜುವವರದನ್ನು ಹೆಸರಿಲ್ಲದೆಯೂ ಪ್ರಕಟಿಸುತ್ತೇವೆ. ಟಿಬೆಟ್ಟಿನ ಭಾಷೆಯನ್ನೂ ಕನ್ನಡವನ್ನೂ ಬಲ್ಲವರು, ಮುಖ್ಯವಾಗಿ ನಮ್ಮ ಕಾಲೇಜುಗಳಲ್ಲಿ ಓದುತ್ತಿರುವ ನೆಲೆಗಳ ವಿದ್ಯಾರ್ಥಿಗಳು, ಈ ಕೆಲಸಕ್ಕೆ ಬೇಕಾಗಿದ್ದಾರೆ. ಕುವೆಂಪುನಗರದ ನಮ್ಮ ಕಾರ್ಯಾಲಯದಲ್ಲಿ ಸಂಜೆ ನಾಲ್ಕರಿಂದ ಆರರವರೆಗೆ ಕಾಣಬಹುದು. ಬಸ್ಸಿನ ಖರ್ಚನ್ನೂ ಊಟದ ಖರ್ಚನ್ನೂ ಪತ್ರಿಕೆಯೇ ಕೊಡುತ್ತದೆ.